ಉಚ್ಚೆಂಗಮ್ಮ ಕಾಲಿಟ್ಟ ಮನೆಗಳು

2023ರ ಸೆಪ್ಟೆಂಬರ್ 6, ಬೆಳಿಗ್ಗೆ 9.40. ಕಂಪ್ಲಿ ಠಾಣೆಗೆ ಬಂದ ಲಲಿತಾಳ ಸೆರಗಿನಲ್ಲಿ ರಕ್ತ ಒಣಗಿತ್ತು. ಊರಿನ ಹಸುಗೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆಯುತ್ತಿದ್ದ ಅವಳ ತಾಯಿ ಉಚ್ಚೆಂಗಮ್ಮನನ್ನು ಮುಂಜಾನೆ ಕಾಲುವೆ ದಂಡೆಯಲ್ಲಿ ಯಾರೋ ಹೊಡೆದು ಕೆಡವಿದ್ದರು. ತಾಯಿಯನ್ನು ಅಣ್ಣನ ಜೊತೆ ಹೊಸಪೇಟೆಯ ಆಸ್ಪತ್ರೆಗೆ ಕಳಿಸಿ ಬಂದಿದ್ದಳು. ಎಫ್‌ಐಆರ್ ಬರೆಯುವಾಗಲೇ ಆಸ್ಪತ್ರೆಯಿಂದ ಫೋನ್ ಬಂತು. ಮುದುಕಿ ಉಳಿದಿರಲಿಲ್ಲ.

11.30ಕ್ಕೆ ಇನ್‌ಸ್ಪೆಕ್ಟರ್ ನಾಗೇಂದ್ರಪ್ಪ ಸ್ಥಳ ಪಂಚನಾಮೆ ನಡೆಸಿದರು. ಜಾಲಿ ಪೊದೆಯಲ್ಲಿ ಗುದ್ದಲಿಯ ಮುರಿದ ಕಾವು ಸಿಕ್ಕಿತು. ಅದಕ್ಕೆ ರಕ್ತ ಮೆತ್ತಿತ್ತು.

ಕಿರಾಣಿ ಅಂಗಡಿಯ ಕೊಟ್ರಯ್ಯ ತಾನಾಗಿಯೇ ಮಾತು ತೆಗೆದ. "ಆಕಿ ಕಾಲಿಟ್ಟ ಮನ್ಯಾಗ ಕೂಸು ಉಳಿಯಂಗಿಲ್ರಿ ಸಾಹೇಬ್ರ. ವರ್ಷದಾಗ ಮೂರು ಹೋದ್ವು."

"ವರ್ಷದಾಗ ಎಷ್ಟು ಮನ್ಯಾಗ ಎರದಾಳ?"

"ನಲವತ್ತರ ಮ್ಯಾಲೆ ಅದಾವ್ರಿ."

"ಉಳಿದ ಕೂಸು?"

ಕೊಟ್ರಯ್ಯ ತಲೆ ಕೆರೆದುಕೊಂಡ. "ಆಡಾಕತ್ಯಾವ್ರಿ."

"ಕಾಲ್ಗುಣದ ಮಾತು ನಿನಗ ಹೇಳಿದ್ದು ಯಾರು?"

ಕಾನ್‌ಸ್ಟೆಬಲ್ ಕಾವ್ಯ ಮನೆಮನೆಗೆ ಹೋಗಿ ಇದೊಂದೇ ಪ್ರಶ್ನೆ ಕೇಳಿದಳು. ಒಬ್ಬರು ಇನ್ನೊಬ್ಬರ ಹೆಸರು ಹೇಳಿದರು. ಸಂಜೆಯ ಹೊತ್ತಿಗೆ ಎಲ್ಲ ಹೆಸರುಗಳೂ ಕೂಲಿಕಾರ ಅಂಜಿನೇಯನಲ್ಲಿಗೆ ಬಂದು ನಿಂತವು. ಆ ಮೂರು ಕೂಸುಗಳಲ್ಲಿ ಕೊನೆಯದಾಗಿ, ಆಗಸ್ಟ್ 17ರಂದು ತೀರಿಕೊಂಡದ್ದು ಅವನ ಕೂಸು.

ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ಆಗಸ್ಟ್ 15ರ ನಮೂದು ಸಿಕ್ಕಿತು: ಕೂಸಿಗೆ ಕಾಮಾಲೆ, ತಕ್ಷಣ ಹೊಸಪೇಟೆಗೆ ಒಯ್ಯುವಂತೆ ಚೀಟಿ ಕೊಡಲಾಗಿದೆ. ಕರೆತಂದವರು ತಂದೆ ಮತ್ತು ಉಚ್ಚೆಂಗಮ್ಮ.

ಮರುದಿನ ಬೆಳಿಗ್ಗೆ 7.10. ಅಂಜಿನೇಯನ ಅಂಗಳದಲ್ಲಿದ್ದ ಗುದ್ದಲಿಗೆ ಕಾವಿನ ತುಂಡಷ್ಟೇ ಉಳಿದಿತ್ತು. ಸಿಕ್ಕಿದ ಕಾವು ಅದಕ್ಕೆ ಸರಿಯಾಗಿ ಕೂತಿತು. ಅವನು ಓಡಲಿಲ್ಲ.

"ಯಾಕ ಹೊಡದಿ?"

"ಆಕಿ ಬಂದ್ಲು, ಕೂಸು ಹೋತ್ರಿ."

"ಆಕಿನ್ನ ಕರಸಿದ್ದು ಯಾರು?"

"ನಾನಾ. ಕೂಸು ಹಳದಿ ಆಗಿತ್ತು."

"ಅಂದ್ರ ಬ್ಯಾನಿ ಮದ್ಲ ಬಂತು. ಆಮ್ಯಾಲೆ ಆಕಿ ಬಂದ್ಲು."

ನಾಗೇಂದ್ರಪ್ಪ ರಿಜಿಸ್ಟರಿನ ನಕಲು ತೆಗೆದರು.

"ಚೀಟಿ ಕೊಟ್ರೂ ಹೊಸಪೇಟಿಗೆ ಯಾಕ ಒಯ್ಲಿಲ್ಲ?"

"ಮರುದಿನ ಅಮಾಸಿ ಇತ್ರಿ. ಕಳೀಲಿ ಅಂದ್ನಿ. ಬ್ಯಾಡಪ್ಪ, ಈಗಾ ಹೋಗು ಅಂತ ಆಕಿ ಕೈ ಮುಗುದ್ಲು. ನಿನ್ನಿ ಕಾಲುವಿ ಹತ್ರ ಮತ್ತ ಅದಾ ಮಾತು ತೆಗದ್ಲು. ಅವತ್ತಾ ಹೋಗಿದ್ರ ಉಳೀತಿತ್ತು ಅಂತ."

ಬಾಗಿಲಲ್ಲಿ ನಿಂತಿದ್ದ ಹಸಿ ಬಾಣಂತಿ ಹೆಂಡತಿ ಮೆಲ್ಲಗೆ ಕೇಳಿದಳು: "ಚೀಟಿ ಬರದು ಕೊಟ್ಟಿದ್ರಾ?"

ಅವನು ಬಂಧನದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾ ಇನ್‌ಸ್ಪೆಕ್ಟರಿಗೆ ಹೇಳಿದ: "ಕೂಸು ಯಾಕ ಹೋತು ಅಂತ ಈಕಿ ದಿನಾ ಕೇಳ್ತಿದ್ಲು ಸಾಹೇಬ್ರ. ಏನರ ಒಂದು ಹೇಳ್ಬೇಕಿತ್ತಲ್ರಿ."