ಹಿಂಡು ದಾಟುವವರೆಗೆ ಮಾತಿಲ್ಲ

ಬೆಳಿಗ್ಗೆಯಿಂದ ಮಾಸಾಯಿ ನಾಡಿನ ಮಾರಾ ನದಿಯ ಆಚೆ ದಂಡೆಯಲ್ಲಿ, ಹುಲ್ಲು ಹುಡುಕಿ ವಲಸೆ ಹೊರಟ ದನದಂಥ ವೈಲ್ಡ್‌ಬೀಸ್ಟ್‌ಗಳು ಸೇರುತ್ತಲೇ ಇದ್ದವು. ಸಾವಿರ ಹೋಗಿ ಐದು ಸಾವಿರವಾಯಿತು, ಆಮೇಲೆ ಎಣಿಸುವುದನ್ನೇ ಎಲ್ಲರೂ ಬಿಟ್ಟರು. ಈಚೆ ದಂಡೆಯ ಪೊದೆಗಳ ಹಿಂದೆ ಹತ್ತೊಂಬತ್ತು ಸಫಾರಿ ಜೀಪುಗಳು ಸಾಲಾಗಿ ನಿಂತಿದ್ದವು. ಎಲ್ಲರ ಕಣ್ಣೂ ನದಿಯ ಮೇಲೆ. ಗೈಡ್ ರೆಸಿಯಾತೊಳ ಕಣ್ಣು ಮಾತ್ರ ಪಕ್ಕದ ಜೀಪಿನ ಮೇಲೆ.

ಅದರಲ್ಲಿ ಕೊಯಿನೆಟ್ ಇದ್ದ. ಬೇರೆ ಕ್ಯಾಂಪಿನ ಗೈಡ್, ಲೋಯಿಟಾ ಬೆಟ್ಟದ ಕಡೆಯವನು. ಇವತ್ತು ಹಿಂಡು ಎಲ್ಲಿದೆ ಎಂದು ನೋಡಿ ಹೋಗಲು ಒಬ್ಬನೇ ಬಂದಿದ್ದ.

ಎರಡು ವರ್ಷದ ಹಿಂದೆ ಅವಳ ಜೀಪು ಹಳ್ಳದ ಕೆಸರಿನಲ್ಲಿ ಹೂತಾಗ ಎಳೆದು ಹಾಕಿದವನು ಇವನೇ. ಹಗ್ಗ ಬಿಚ್ಚಲು ಎರಡು ನಿಮಿಷ ಸಾಕಿತ್ತು, ಪುಣ್ಯಾತ್ಮ ಅರ್ಧ ಗಂಟೆ ತೆಗೆದುಕೊಂಡ. ಗಂಟಿನ ಮೇಲೆ ಕೈ, ಅವಳ ಮೇಲೆ ಕಣ್ಣು. ಮಾರನೆಯ ದಿನ ಚಿರತೆ ಇದೆ ಬಾ ಎಂದು ರೇಡಿಯೋದಲ್ಲಿ ಕರೆದ. ಹೋಗಿ ನೋಡಿದರೆ ಚಿರತೆಯೂ ಇಲ್ಲ, ಬೆಕ್ಕೂ ಇಲ್ಲ, ಫ್ಲಾಸ್ಕಿನಲ್ಲಿ ಚಹಾ ಹಿಡಿದು ನಿಂತಿದ್ದ. ನಾಲ್ಕನೆಯ ದಿನ, ಸಂಜೆ ನಿಮ್ಮೂರಿಗೆ ಬರುತ್ತೇನೆ ಎಂದ. ಅವಳು ಇದ್ದಬದ್ದ ಮಣಿಸರವನ್ನೆಲ್ಲ ಹಾಕಿಕೊಂಡು ಕಾದಳು. ಆಸಾಮಿ ಪತ್ತೆಯೇ ಇಲ್ಲ. ಐದನೆಯ ದಿನದಿಂದ ಅವಳು ಅವನ ಬಾಯಲ್ಲಿ ‘ತಂಗಿ’ ಆಗಿಬಿಟ್ಟಳು.

ಯಾಕೆ ಎಂದು ಅವಳೂ ಕೇಳಲಿಲ್ಲ. ಬಿಗುಮಾನ ಅಂದರೆ ಅಂಥಾ ಬಿಗುಮಾನ. ಆದರೆ ಆ ಒಂದು ಶಬ್ದ ಕಿವಿಗೆ ಬಿದ್ದಾಗಲೆಲ್ಲ ಅವಳ ಮಾತು ಒರಟಾಗುತ್ತಿತ್ತು.

“ತಂಗಿ, ತಿಂಡಿ ಆಯ್ತಾ?” ಕೊಯಿನೆಟ್ ಕಿಟಕಿಯಿಂದ ಕೇಳಿದ.

“ನಂದಾಯ್ತು. ನಿನ್ನ ಜೀಪು ಬೆಳಿಗ್ಗೆಯಿಂದ ಕೆಮ್ತಾ ಇದೆ, ಅದಕ್ಕೆ ಮೊದ್ಲು ಔಷಧಿ ಕುಡಿಸು.”

ಅವನು ನಕ್ಕ. ಆಮೇಲೆ ನಗು ಇಳಿಸಿ, “ಒಂದು ಮಾತು ಹೇಳ್ಬೇಕಿತ್ತು. ನನ್ನ ಸೋದರಮಾವ ಜೇನು, ತಂಬಾಕು ಹಿಡ್ಕೊಂಡು ನರೋಕ್ ಊರಿನ ಕಡೆ ಹೊರಟಿದ್ದಾನೆ. ನಂಗೆ ಹೆಣ್ಣು ಕೇಳೋಕೆ. ಮಧ್ಯಾಹ್ನದೊಳಗೆ ಅವರ ಮನೆ ಸೇರ್ತಾನೆ. ಒಳಗೆ ಹೊಕ್ಕರೆ ಮಾತು ಕೊಟ್ಟ ಹಾಗೆ, ಹಿಂದೆ ಸರಿಯೋ ಹಾಗಿಲ್ಲ” ಎಂದ.

ರೆಸಿಯಾತೊ ಅವನ ಕಡೆ ಪೂರ್ತಿ ತಿರುಗಿದಳು. “ಹುಡುಗಿ ಹೇಗಿದ್ದಾಳೆ?”

“ನೋಡಿಲ್ಲ.”

“ನೋಡ್ದೇನೇ ಒಪ್ಪಿದ್ಯಾ?”

“ನೋಡಿ ಮೆಚ್ಚಿದವಳು ನಮ್ಮ ಕುಲದವಳೇ ಆಗ್ಬಿಟ್ಲಲ್ಲ. ಇನ್ಯಾರಾದ್ರೆ ಏನಂತೆ.” ಅವನು ಸ್ಟೀರಿಂಗ್ ನೋಡುತ್ತಾ ಹೇಳಿದ. “ಅವತ್ತು ಸಂಜೆ ನಿಮ್ಮೂರಿಗೆ ಬಂದಿದ್ದೆ. ದನ ಆಗಷ್ಟೇ ಹಟ್ಟಿಗೆ ಬರ್ತಿದ್ವು. ಒಂದೊಂದರ ತೊಡೆ ಮೇಲೂ ಮೊಲೆಲಿಯನ್ ಕುಲದ ಬರೆ. ನಮ್ಮದೇ ಕುಲ. ಬೇಲಿ ಹತ್ರದಿಂದ್ಲೇ ವಾಪಸ್ ಹೋದೆ. ತಂಗಿಗೆ ಏನಂತ ಹೇಳ್ಲಿ?”

ರೆಸಿಯಾತೊಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಆ ವರ್ಷ ಕಾಯಿಲೆ ಬಿದ್ದು ಅಪ್ಪನ ದನವೆಲ್ಲ ಸತ್ತಿದ್ದವು. ಅಪ್ಪನ ಓರಗೆಯ ಗೆಳೆಯನೊಬ್ಬ ಹದಿನಾಲ್ಕು ದನ ಹೊಡೆದುಕೊಂಡು ಬಂದು, ಇಟ್ಟುಕೋ ಎಂದು ಬಿಟ್ಟು ಹೋಗಿದ್ದ. ಬರೆ ಆ ಗೆಳೆಯನ ಕುಲದ್ದು. ಇವಳು ಲೈಸರ್ ಕುಲದ ಹುಡುಗಿ.

ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂಡು ದಂಡೆಯ ಅಂಚಿಗೆ ಬಂದು ನಿಂತಿತು.

“ಎಲ್ರೂ ಬಾಯಿ ಮುಚ್ಚಿ,” ರೇಡಿಯೋದಲ್ಲಿ ಹಿರಿಯ ಗೈಡ್ ಸಂಕಾಲೆಯ ದನಿ ಬಂತು.

ಅಷ್ಟೇ. ಇನ್ನು ಮೊದಲ ಪ್ರಾಣಿ ನೀರಿಗೆ ಹಾರುವವರೆಗೆ ಎಂಜಿನ್ ಇಲ್ಲ, ರೇಡಿಯೋ ಇಲ್ಲ, ಪಿಸುಮಾತೂ ಇಲ್ಲ. ಯಾರಾದರೂ ಕೆಮ್ಮಿದರೂ ಸಾಕು, ಇಡೀ ಹಿಂಡು ತಿರುಗಿ ಓಡುತ್ತದೆ. ಹಿಂದಿನ ಸೀಟಿನಲ್ಲಿ ದೂರದ ನ್ಯೇರಿ ಊರಿನಿಂದ ಬಂದ ನಿವೃತ್ತ ಟೀಚರ್ ನ್ಯೋಕಾಬಿ ಮೂರು ದಿನದಿಂದ ಇದಕ್ಕೇ ಕಾದಿದ್ದರು. ರೆಸಿಯಾತೊಳ ಭುಜವನ್ನು ಬಿಗಿಯಾಗಿ ಹಿಡಿದುಕೊಂಡರು.

ಗಂಟೆ ಹನ್ನೊಂದಾಯಿತು. ಹನ್ನೊಂದೂ ಹತ್ತಾಯಿತು. ಹಿಂಡಿನ ಮುಂದಿದ್ದ ಗಂಡು ಒಂದು ಹೆಜ್ಜೆ ಇಳಿಯುವುದು, ಎರಡು ಹೆಜ್ಜೆ ಹತ್ತುವುದು. ಹಾರು ಮಾರಾಯ, ಹಾರು, ನಿನ್ನ ಕಾಲು ಹಿಡಿಯುತ್ತೇನೆ ಎಂದು ರೆಸಿಯಾತೊ ಮನಸ್ಸಿನಲ್ಲೇ ಗೋಗರೆದಳು. ಅತ್ತ ಆ ಸೋದರಮಾವ ಜೇನು ಹೊತ್ತು ಹೆಜ್ಜೆ ಹಾಕುತ್ತಿದ್ದಾನಲ್ಲ.

ತಡೆಯಲಾರದೆ ಕೊಯಿನೆಟ್‌ಗೆ ಸನ್ನೆ ಮಾಡಿದಳು. ತನ್ನ ತೊಡೆ ತಟ್ಟಿಕೊಂಡು, ಅಲ್ಲ ಅಲ್ಲ ಎಂದು ಕೈಯಾಡಿಸಿದಳು. ಅವನಿಗೆ ಏನು ತಿಳಿಯಿತೋ, ಎದೆಯ ಮೇಲೆ ಕೈಯಿಟ್ಟು ಸಮಾಧಾನ ಮಾಡುವವನ ಹಾಗೆ ತಲೆಯಾಡಿಸಿದ. ಪೆದ್ದ ಅಂದರೆ ಪೆದ್ದ. ಅವಳಿಗೆ ಅವನ ಜುಟ್ಟು ಹಿಡಿದು ಅಲ್ಲಾಡಿಸುವಷ್ಟು ಸಿಟ್ಟು ಬಂತು, ಅಷ್ಟೇ ಪ್ರೀತಿಯೂ ಬಂತು.

ಧುಡುಮ್ಮೆಂದು ಒಂದು ಹಾರಿತು. ಅದರ ಹಿಂದೆ ಹತ್ತು, ಅದರ ಹಿಂದೆ ನೂರು. ದಂಡೆಯೇ ಕಿತ್ತು ನೀರಿಗೆ ಬಿದ್ದ ಹಾಗೆ. ಧೂಳು, ನೊರೆ, ಕೊಂಬು, ನಡುವೆ ಜೀಬ್ರಾಗಳ ಕೂಗು. ಮೊಸಳೆಯೊಂದು ಬಾಯಿ ತೆರೆದು ಬಂದು ಗೊರಸಿನ ಏಟು ತಿಂದು ಮುಳುಗಿತು. ಜೀಪುಗಳೆಲ್ಲ ದಂಡೆಗೆ ನುಗ್ಗಿದವು. ಆ ಗದ್ದಲದಲ್ಲಿ ಕೂಗಿದರೂ ಕೇಳುವುದಿಲ್ಲ. ರೆಸಿಯಾತೊ ರೇಡಿಯೋ ಎತ್ತಿಕೊಂಡಳು.

“ಕೊಯಿನೆಟ್, ಆ ದನ ಅಪ್ಪನ ಗೆಳೆಯ ಕೊಟ್ಟದ್ದು. ಬರೆ ಅವರದ್ದು. ನಾವು ಲೈಸರ್. ನಾನು ನಿನ್ನ ತಂಗಿ ಅಲ್ಲ, ಯಾವತ್ತೂ ಆಗಿರ್ಲಿಲ್ಲ.”

ಹತ್ತೊಂಬತ್ತು ಜೀಪಿಗೂ ಕೇಳಿಸಿತು. ಕೊಯಿನೆಟ್ ಅವಳನ್ನೊಮ್ಮೆ ನೋಡಿದ. ಜೀಪು ಹಿಂದೆ ತೆಗೆದು ಗುಡ್ಡದ ಕಡೆ ಹೊರಟೇಹೋದ.

“ತಂಗಿ ಅಲ್ಲ ಅಂದಿದ್ದೇ ತಡ, ಓಡಿಹೋದ,” ರೇಡಿಯೋದಲ್ಲಿ ಯಾರೋ ಕಿಸಕ್ಕೆಂದರು.

“ಗುಡ್ಡದ ಮೇಲೆ ಮಾತ್ರ ಫೋನ್ ಸಿಗೋದು, ಗೊತ್ತಿಲ್ವಾ? ಸುಮ್ನಿರಿ,” ಸಂಕಾಲೆ ಗದರಿದ.

ಹಿಂಡು ದಾಟುತ್ತಲೇ ಇತ್ತು. ರೆಸಿಯಾತೊಳಿಗೆ ಒಂದೂ ಕಾಣಲಿಲ್ಲ. ತಡವಾಗಿದ್ದರೆ ಈ ನದಿ, ಈ ಕೆಲಸ ಎಲ್ಲ ಬಿಟ್ಟು ಎಲ್ಲಾದರೂ ಹೋಗಿಬಿಡಬೇಕು ಅನ್ನಿಸಿತು.

“ರೆಸಿಯಾತೊ,” ಎಂದಿತು ರೇಡಿಯೋ. ಎರಡು ವರ್ಷದ ಮೇಲೆ ಅವನ ಬಾಯಲ್ಲಿ ಅವಳ ಹೆಸರು. “ಮಾವ ಫೋನಿಗೆ ಸಿಕ್ಕಿದ. ಅವರ ಬೇಲಿ ಹೊರಗೇ ಇದ್ದ. ಹತ್ತು ನಿಮಿಷ ಬೈದ, ವಾಪಸ್ ಬರ್ತಾ ಇದ್ದಾನೆ. ಒಂದು ಕೇಳು ಅಂದ. ನಿಮ್ಮಪ್ಪನ ಮನೆಗೆ ಬಂದ್ರೆ ಬಾಗಿಲು ತೆಗೀತೀರಾ ಅಂತ.”

ಜೀಪುಗಳಲ್ಲೆಲ್ಲ ಗೈಡುಗಳು ರೇಡಿಯೋಗೆ ಕಿವಿ ಹಚ್ಚಿದರು.

“ತೆಗೀತೀವಿ,” ಎಂದಳು ರೆಸಿಯಾತೊ. “ಆದ್ರೆ ಜೊತೆಗೆ ನೀನೂ ಬರ್ಬೇಕು. ಬೇಲಿ ಹತ್ರ ನಿಲ್ಲೋ ಹಾಗಿಲ್ಲ.”

ರೇಡಿಯೋ ಒಡೆದುಹೋಗುವಷ್ಟು ಕೂಗು, ಸಿಳ್ಳೆ, ಹಾರ್ನು. ಮಾಸಾಯಿ ಮಾತು ಬಾರದ ನ್ಯೋಕಾಬಿ ಟೀಚರ್ ಗಾಬರಿಯಿಂದ ಮುಂದೆ ಬಗ್ಗಿದರು. “ಏನಮ್ಮ ಇಷ್ಟು ಗಲಾಟೆ? ಯಾವ ಪ್ರಾಣಿ ಸಿಕ್ತಂತೆ?”

ರೆಸಿಯಾತೊ ಕಣ್ಣೊರೆಸಿಕೊಂಡಳು. “ನನ್ನ ಗಂಡ ಸಿಕ್ಕಿದ, ಟೀಚರ್.”

“ಎಲ್ಲಿ? ನಂಗೂ ತೋರ್ಸು,” ಎಂದು ನ್ಯೋಕಾಬಿ ನದಿಯನ್ನು ಬಿಟ್ಟು, ದುರ್ಬೀನನ್ನು ಗುಡ್ಡದ ಕಡೆ ತಿರುಗಿಸಿದರು.