ಐದನೇ ತಾರೀಖಿನ ಫೋನು

"ಒಳಗೆ ಬನ್ನಿ..."

ಆ ದನಿ ಕೇಳಿದ ಕೂಡಲೇ ಜಾಹ್ನವಿಯ ಕಾಲು ಬಾಗಿಲಲ್ಲೇ ನಿಂತುಬಿಟ್ಟಿತು. ಮೇಜಿನ ಆಚೆ ಕುಳಿತಿದ್ದವನು ತಲೆ ಎತ್ತಿದ. ಅವನ ಕೈಯಲ್ಲಿದ್ದ ಪೆನ್ನು ಜಾರಿ ನೆಲಕ್ಕೆ ಬಿತ್ತು.

ಶ್ರೀವತ್ಸ!

ವಿಶಾಖಪಟ್ಟಣದಿಂದ ಬೆಳಗಿನ ರೈಲು ಹಿಡಿದು ವಿಜಯವಾಡದಲ್ಲಿದ್ದ ಬ್ಯಾಂಕಿನ ವಲಯ ಕಚೇರಿಗೆ ಬರುವಾಗ, ಗೃಹಸಾಲದ ಅಧಿಕಾರಿಯ ಮುಂದೆ ಆಡಬೇಕಾದ ಮಾತುಗಳನ್ನು ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಆ ಅಧಿಕಾರಿ ಇವನೇ ಎಂದು ಯಾರಿಗೆ ಗೊತ್ತಿತ್ತು?

"ಕೂತ್ಕೊಳ್ಳಿ," ಎಂದ ಅವನು ಮೆಲ್ಲಗೆ.

ಕೂತ್ಕೊಳ್ಳಿ... ಒಂದು ಕಾಲದಲ್ಲಿ ಜಾನು ಎಂದು ಕರೆಯುತ್ತಿದ್ದ ಬಾಯಿ!

"ಅಮ್ಮ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ. ಸಾಲದ ವಿಷಯ ಮಾತಾಡೋಣ್ವಾ ಸಾರ್?"

ಆ 'ಸಾರ್' ಅವನಿಗೆ ಎಲ್ಲೋ ತಾಗಿತು. ಕಂಪ್ಯೂಟರಿನ ಕಡೆಗೆ ಮುಖ ತಿರುಗಿಸಿದ.

"ನಿಮ್ಮ ಕ್ರೆಡಿಟ್ ಸ್ಕೋರ್ ತುಂಬಾ ಇಳಿದಿದೆ. ಹೀಗಿದ್ರೆ ಸಾಲ ಮಂಜೂರಾಗಲ್ಲ."

"ನನ್ನ ಕಾರ್ಡಿನ ಬಿಲ್ಲು ಇವತ್ತಿನವರೆಗೆ ಒಂದೂ ತಪ್ಪಿಸಿಲ್ಲ!"

"ಅದಲ್ಲ..." ಅವನು ತಡವರಿಸಿದ. "ಅಪ್ಪನ ಸಾಲಕ್ಕೆ ನೀವೂ ಜೊತೆ ಸಾಲಗಾರರಾಗಿದ್ರಿ. ಅದು ಸೆಟಲ್‌ಮೆಂಟ್ ಅಂತ ದಾಖಲಾಗಿದೆ. ಅಂದ್ರೆ, ಫೈನಾನ್ಸ್ ಕಂಪನಿಯವರು ನೀವು ಕೊಟ್ಟಷ್ಟು ತಗೊಂಡು ಮಿಕ್ಕಿದ್ದನ್ನ ಕೈಬಿಟ್ಟಿದ್ದಾರೆ. ಬ್ಯಾಂಕಿನ ಕಣ್ಣಿಗೆ ಅದು ತೀರಿದ ಸಾಲ ಅಲ್ಲ."

ಜಾಹ್ನವಿಯ ಕಣ್ಣು ಮಂಜಾಯಿತು. ಆ ದಿನ ಕಣ್ಣ ಮುಂದೆ ಬಂದು ನಿಂತಿತು.

ಅವಳ ತಂದೆ ಚಂದ್ರಶೇಖರ ಚಿತ್ರದುರ್ಗದ ಕಡೆಯವರು, ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ನಿವೃತ್ತರಾದ ಮೇಲೆ ಟೌನ್‌ಶಿಪ್ಪಿನ ಕ್ವಾರ್ಟರ್ಸ್ ಬಿಟ್ಟು ಹತ್ತಿರದ ಗಾಜುವಾಕದಲ್ಲಿ ಸೂರ್ಯಕಾಂತಮ್ಮನವರ ಫ್ಲ್ಯಾಟಿಗೆ ಬಾಡಿಗೆಗೆ ಬಂದರು. ವರ್ಗವಾಗಿ ಅಲ್ಲಿನ ಬ್ಯಾಂಕಿಗೆ ಬಂದಿದ್ದ ಶಿವಮೊಗ್ಗದ ಶ್ರೀವತ್ಸ, ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಅವರಿಗೆ ಪರಿಚಯವಾದ.

"ನೀನು ಮನೆ ಸಾರು ಉಂಡು ಎಷ್ಟು ದಿನ ಆಯ್ತಯ್ಯಾ? ನಡಿ ಮನೆಗೆ!" ಎಂದು ಅವರೇ ಕೈಹಿಡಿದು ಕರೆತಂದಿದ್ದರು.

ಅಲ್ಲಿಂದ ಪ್ರತಿ ಶನಿವಾರ ಅವನು ಸಿಂಹಾಚಲದ ದೇವಸ್ಥಾನಕ್ಕೆ ಹೋಗಿ, ಬರುವಾಗ ಎಲೆಯಲ್ಲಿ ಸುತ್ತಿದ ಸಂಪಿಗೆ ತರುತ್ತಿದ್ದ. ಹೂವು ಅಮ್ಮ ಸುಲೋಚನಾ ಅವರ ಕೈಗೆ, ನೋಟ ಮಾತ್ರ ಮಗಳ ಕಡೆಗೆ! ಬಾಲ್ಕನಿಯಲ್ಲಿ ಅಪ್ಪನ ಬೆತ್ತದ ಕುರ್ಚಿ, ಸಮುದ್ರದ ಉಪ್ಪುಗಾಳಿ, ಕಾಫಿಯ ಲೋಟ ಕೊಡುವಾಗ ತಾಗಿದ ಬೆರಳು... ಅಂಥ ಸಂಜೆಗಳು ಮತ್ತೆ ಬರುತ್ತವೆಯೇ?

ಅಪ್ಪನಿಗೆ ಕಾಯಿಲೆ ಬಂತು, ಆಸ್ಪತ್ರೆಯ ಖರ್ಚಿಗೆ ಸಾಲವಾಯಿತು. ಕೊನೆಗೆ ಅಪ್ಪನೂ ಉಳಿಯಲಿಲ್ಲ, ಸಾಲವೂ ತೀರಲಿಲ್ಲ.

ವೈಕುಂಠ ಸಮಾರಾಧನೆಯ ಹಿಂದಿನ ದಿನ ಫೈನಾನ್ಸ್ ಕಂಪನಿಯವನು ಬಂದು, ಅರ್ಧ ಕಟ್ಟಿದರೆ ಸಾಕು, ಮುಗಿಸಿಬಿಡೋಣ ಎಂದ. ಅಮ್ಮ ಕಣ್ಣೊರೆಸಿಕೊಳ್ಳುತ್ತಾ, "ಅವರು ಋಣ ಹೊತ್ಕೊಂಡು ಹೋಗಬಾರದು ಕಣೇ. ನಾಳೆ ಎಲೆ ಹಾಕೋದ್ರೊಳಗೆ ತೀರಿಸಿಬಿಡು" ಎಂದಿದ್ದರು.

ಶ್ರೀವತ್ಸ ಓಡಿಬಂದು ತಡೆದಿದ್ದ. "ಇವತ್ತು ಸಹಿ ಹಾಕಬೇಡ ಜಾನು. ಸ್ವಲ್ಪ ಕಾಲಾವಕಾಶ ಕೇಳು!"

"ಅಪ್ಪನ ಚಿತೆ ಇನ್ನೂ ಆರಿಲ್ಲ, ನಿನಗೆ ಬ್ಯಾಂಕಿನ ಚಿಂತೆನಾ? ಥೂ! ಹೋಗು, ಮತ್ತೆ ಈ ಮನೆ ಮೆಟ್ಟಿಲು ಹತ್ತಬೇಡ!"

ಅವನು ಹೋದ, ಅವಳು ಸಹಿ ಹಾಕಿದಳು. ಆಮೇಲೆ ಅವನಿಗೆ ಬೇರೆ ಊರಿಗೆ ವರ್ಗವೂ ಆಯಿತು. ಅವನ ಫೋನುಗಳನ್ನು ಅವಳು ಎತ್ತಲೇ ಇಲ್ಲ.

"ನೀವು ಹೇಳಿದ್ದೇ ಸರಿಯಾಯ್ತು," ಎಂದಳು ಜಾಹ್ನವಿ ಕಣ್ಣೊರೆಸಿಕೊಳ್ಳುತ್ತಾ. "ಆದ್ರೆ ಅದನ್ನ ಹೇಳೋಕೆ ಆ ದಿನವೇ ಬೇಕಿತ್ತಾ?"

ಶ್ರೀವತ್ಸನ ತುಟಿ ಅಲುಗಿತು. ಏನೋ ಹೇಳಹೊರಟವನು ನುಂಗಿಕೊಂಡ.

"ತಪ್ಪಾಯ್ತು. ಈಗ ಹೇಳಿ, ಮನೆ ಕೊಳ್ಳೋಕೆ ಇಷ್ಟು ಅವಸರ ಯಾಕೆ?"

"ಸೂರ್ಯಕಾಂತಮ್ಮನವರು ಫ್ಲ್ಯಾಟ್ ಮಾರಿ ಇಬ್ರಾಹಿಂಪಟ್ನಂನಲ್ಲಿರೋ ಮಗಳ ಮನೆಗೆ ಹೋಗ್ತಾರಂತೆ. ಸಂಕ್ರಾಂತಿವರೆಗೆ ನಮಗೇ ಅಂತ ಇಟ್ಟಿದ್ದಾರೆ. ಅಮ್ಮ ಈಗಲೂ ಆ ಬೆತ್ತದ ಕುರ್ಚಿ ಪಕ್ಕ ಕಾಫಿ ಇಟ್ಟೇ ತಾನು ಕುಡಿಯೋದು. ಆ ಬಾಲ್ಕನಿ ಬೇರೆಯವರದಾದ್ರೆ ಅಮ್ಮ ಉಳಿಯಲ್ಲ..."

ಅವನು ಅವಳ ಫೈಲನ್ನು ಮುಚ್ಚಿ ಪಕ್ಕಕ್ಕಿಟ್ಟ.

"ಪರಿಚಯದವರ ಫೈಲನ್ನ ನಾನು ನೋಡಬಾರದು. ಇಲ್ಲಿನ ಇನ್ನೊಬ್ಬ ಅಧಿಕಾರಿ ಪ್ರತ್ಯೂಷಾ ಮೇಡಂಗೆ ಕೊಡ್ತೀನಿ. ಆದ್ರೆ ಇವತ್ತು ಅರ್ಜಿ ವಾಪಸ್ ತಗೊಳ್ಳಿ. ಈ ವಾರವೇ ಬೇರೆ ಬ್ಯಾಂಕುಗಳಲ್ಲೂ ಕೇಳಿದ್ದೀರಲ್ಲ?"

"ಒಬ್ಬ ದೇವರು ಒಲಿಯದಿದ್ರೆ ಇನ್ನೊಬ್ಬ ದೇವರು ಅಂತ..."

"ದೇವರು ಸುಮ್ಮನಿರ್ತಾನೆ. ಬ್ಯಾಂಕಿನವರು ಎಷ್ಟು ಬಾಗಿಲು ತಟ್ಟಿದ್ರಿ ಅಂತ ನೋಡ್ತಾರೆ, ಸ್ಕೋರೂ ಇಳಿಯುತ್ತೆ!"

ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಅವನ ಮುಖವೂ ಸಡಿಲವಾಯಿತು.

"ಕೈಬಿಟ್ಟ ಬಾಕಿ ಪೂರ್ತಿ ಕಟ್ಟಿ, ಬಾಕಿ ಇಲ್ಲ ಅಂತ ಪತ್ರ ತಗೊಳ್ಳಿ. ದಾಖಲೆ ತಿದ್ದಿಸಿ. ಕಾರ್ಡನ್ನ ಮಿತಿ ಮುಟ್ಟೋವರೆಗೆ ಉಜ್ಜಬೇಡಿ. ಬಿಲ್ಲಿನ ಗಡುವು ಯಾವಾಗ?"

"ಐದನೇ ತಾರೀಖು."

"ಯುಗಾದಿ ಹೊತ್ತಿಗೆ ಮತ್ತೆ ಅರ್ಜಿ ಹಾಕೋಣ."

'ಹಾಕೋಣ' ಅಂದನಲ್ಲ... ವಾಪಸು ಬರುವ ರೈಲಿನಲ್ಲಿ ಆ ಒಂದು ಮಾತು ಅವಳ ಜೊತೆಗೇ ಕುಳಿತಿತ್ತು.

ಸೂರ್ಯಕಾಂತಮ್ಮ ಎಲ್ಲ ಕೇಳಿ, "ಪರವಾಲೇದು ಅಮ್ಮಾ" ಎಂದು ಅವಳ ಕೆನ್ನೆ ಸವರಿದರು. "ಉಗಾದಿ ದಾಕಾ ಆಗುತಾನು. ಮೀ ನಾನ್ನ ಕೂರ್ಚುನ್ನ ಇಲ್ಲು ಕದಾ!"

ನಿನ್ನ ಅಪ್ಪ ಕೂತಿದ್ದ ಮನೆಯಲ್ಲವೇ, ಯುಗಾದಿಯವರೆಗೆ ಕಾಯುತ್ತೇನೆ ಎಂದರು ಆ ತಾಯಿ.

ಮನೆಗೆಂದು ಕೂಡಿಟ್ಟಿದ್ದರಲ್ಲೇ ಜಾಹ್ನವಿ ಹಳೆಯ ಬಾಕಿ ತೀರಿಸಿದಳು. ಮುಂದಿನ ಐದನೇ ತಾರೀಖು ಶ್ರೀವತ್ಸನ ಫೋನು ಬಂತು.

"ಬಿಲ್ ಕಟ್ಟಿದ್ರಾ?"

"ಕಟ್ಟಿದೆ."

ಅಷ್ಟೇ. ಅದರ ಮುಂದಿನ ತಿಂಗಳು, "ಬಿಲ್ ಕಟ್ಟಿದ್ರಾ? ಅಮ್ಮನ ಮಂಡಿನೋವು?" ಆಮೇಲಿನ ತಿಂಗಳು ಮಾತು ಕೃಷ್ಣೆಯ ಬ್ಯಾರೇಜಿನ ಮೇಲಿನ ಸಂಜೆಗೂ, ಮೆಸ್ಸಿನ ತೊವ್ವೆಗೂ ಹರಿಯಿತು. ಅವಳಿಗೆ ತಿಂಗಳ ಮೊದಲ ವಾರ ಬಂತೆಂದರೆ ಫೋನಿನ ಮೇಲೇ ಕಣ್ಣು. ಅಮ್ಮ ನೋಡಿಯೂ ನೋಡದವರಂತಿದ್ದರು.

"ಇದೇನೇ, ಬಿಲ್ ಕಟ್ಟೋ ದಿನ ಹೊಸ ಸೀರೆ!"

"ಅಮ್ಮಾ!"

ಸ್ಕೋರ್ ಮೆಲ್ಲಮೆಲ್ಲನೆ ಏರಿತು, ಅವಳು ಮತ್ತೆ ಅರ್ಜಿ ಹಾಕಿದಳು. ಯುಗಾದಿಗೆ ಮುಂಚೆ ಪ್ರತ್ಯೂಷಾ ಅವರೇ ಫೋನ್ ಮಾಡಿ ಸಾಲ ಮಂಜೂರಾದ ಸುದ್ದಿ ಹೇಳಿದರು. ಆದರೆ ಆ ತಿಂಗಳ ಐದನೇ ತಾರೀಖು ಫೋನೇ ಬರಲಿಲ್ಲ! 'ಕೆಲಸ ಮುಗಿಯಿತಲ್ಲ, ಇನ್ನೇಕೆ ಮಾಡುತ್ತಾನೆ...' ಸಂಜೆಯಾದರೂ ಅವಳು ದೀಪ ಹಾಕಲಿಲ್ಲ.

ಬಾಗಿಲು ತಟ್ಟಿದ ಸದ್ದು. ಹೊಸ್ತಿಲಾಚೆ ಶ್ರೀವತ್ಸ. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಸಂಪಿಗೆ!

"ಮೆಟ್ಟಿಲು ಹತ್ತಬೇಡ ಅಂದಿದ್ರಿ. ಹತ್ತಿಬಿಟ್ಟೆ..."

ಸುಲೋಚನಾ ಹೂವನ್ನು ಕಣ್ಣಿಗೊತ್ತಿಕೊಂಡು, "ಕಾಫಿ ತರ್ತೀನಿ" ಎಂದು ಒಳಗೆ ಸರಿದರು. ಬಾಲ್ಕನಿಯಲ್ಲಿ ಅವನು ಬೆತ್ತದ ಕುರ್ಚಿಯ ತೋಳು ಮುಟ್ಟಿ ನಮಸ್ಕರಿಸಿದ.

"ಆ ದಿನವೇ ಯಾಕೆ ಅಂತ ಕೇಳಿದ್ರಲ್ಲ... ಆಸ್ಪತ್ರೆಯಲ್ಲಿ ಅಪ್ಪ ನನ್ನ ಕೈ ಹಿಡ್ಕೊಂಡು ಹೇಳಿದ್ರು. 'ನನ್ನ ಋಣ ತೀರಿಸ್ತೀನಿ ಅಂತ ಈ ಹುಡುಗಿ ಕಂಡಕಂಡಲ್ಲಿ ಸಹಿ ಹಾಕ್ತಾಳೆ. ನೀನು ಅವಳನ್ನ ತಡೆಯಯ್ಯಾ' ಅಂತ. ನನ್ನ ಕೈಲಿ ತಡೆಯೋಕೆ ಆಗಲಿಲ್ಲ."

ಜಾಹ್ನವಿ ಕುರ್ಚಿ ಹಿಡಿದುಕೊಂಡು ನಿಂತಳು.

"ಅಪ್ಪನ ಮಾತಾ? ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ, ಅಪ್ಪನ ಕೊನೇ ಮಾತು ಮೀರಿದೆ ಅಂತ ಕೊರಗ್ತಿದ್ರಿ. ಅದಕ್ಕಿಂತ ನನ್ನ ಮೇಲೆ ಸಿಟ್ಟಿದ್ರೇ ವಾಸಿ ಅನ್ನಿಸ್ತು. ಈಗ ಎಲ್ಲ ಸರಿಯಾಯ್ತಲ್ಲ, ಹೇಳಬಹುದು."

ಹೋದವರ ಋಣ ನಾವು ತೀರಿಸಿ ಮುಗಿಯುವಂಥದಲ್ಲ. ಅವರ ಮಾತನ್ನು ಇಷ್ಟು ಕಾಲ ಒಬ್ಬನೇ ಎದೆಯಲ್ಲಿಟ್ಟು ಸಲಹಿದವನೊಬ್ಬ ಎದುರಿಗಿದ್ದ. ಅವಳು ಅತ್ತಳು, ಮನಸಾರೆ ಅತ್ತಳು.

"ಮುಂದಿನ ತಿಂಗಳಿಂದ ಫೋನ್ ಮಾಡಲ್ವಾ?" ಎಂದಳು ಕೊನೆಗೆ.

"ಇಲ್ಲೇ ಇದ್ರೆ ಫೋನ್ ಯಾಕೆ? ಈ ಕಡೆಗೆ ವರ್ಗ ಕೇಳಿದ್ದೀನಿ... ನೀವು ಒಪ್ಪಿದ್ರೆ."

"'ನೀವು' ಅನ್ನಬೇಡ."

ಅವನ ಕಣ್ಣು ತುಂಬಿತು.

"ಬಿಲ್ ಕಟ್ಟಿದ್ಯಾ, ಜಾನು?"

"ಬೆಳಗ್ಗೆಯೇ ಕಟ್ಟಿದೆ ಶ್ರೀ," ಎಂದಳು. "ಕೂತ್ಕೋ. ಅಮ್ಮ ಆ ಕುರ್ಚಿ ಹತ್ರವೇ ಕಾಫಿ ಇಡ್ತಾರೆ, ಇವತ್ತು ನೀನು ಕುಡಿ."