ಕೇಳದೆ ಒತ್ತಿದ ಗುಂಡಿ

"ಈ ಡಬ್ಬಕ್ಕೆ ನಮ್ಮ ಭಾಷೆ ಕಲಿಸಿದ ಪುಣ್ಯಾತ್ಮ ಯಾರ್ರೀ?"

ಮೇಜಿನ ಮೇಲೆ ಧಡ್ ಅಂತ ಸದ್ದಾಯಿತು. ಕಾದು ಕೂತಿದ್ದವರೆಲ್ಲ ತಿರುಗಿ ನೋಡಿದರು.

ಕಚೇರಿಯಲ್ಲಿ ಕೆಲಸ ಮಾಡುವ ಅವಳು ಓಡಿ ಬಂದಳು. "ಮೇಜು ಬಡೀಬೇಡಿ. ಏನಾಯ್ತು ಹೇಳಿ."

"ಕಾಲು ಗಂಟೆಯಿಂದ 'ತಮ್ಮ ವಾಸ್ತವ್ಯದ ಸ್ವರೂಪವೇನು' ಅಂತ ಒಂದೇ ಸಮ ಕೇಳ್ತಿದೆ! ಮನುಷ್ಯರು ಹೀಗೆ ಮಾತಾಡ್ತಾರಾ?"

ನಗಬಾರದು ಅಂದುಕೊಂಡಳು... ನಕ್ಕೇಬಿಟ್ಟಳು. "ಬಾಡಿಗೆಗಿದ್ದೀರಾ, ಸ್ವಂತ ಮನೇನಾ ಅಂತ ಅಷ್ಟೇ."

"ಹಾಗಂತ ಕೇಳೋಕೆ ಏನ್ ರೋಗ ಅದಕ್ಕೆ!"

ಅವನು ಲಿಫ್ಟ್ ರಿಪೇರಿ ಮಾಡುವವನು. ಉಗುರಿನ ಸಂದಿಯಲ್ಲಿ ಗ್ರೀಸು, ಕೈಯಲ್ಲಿ ವಾಸದ ಪರವಾನಗಿ ಮುಗಿಯಲಿದೆ ಎಂಬ ಪತ್ರ. ಅದು ವಲಸೆ ಬಂದವರಿಗೆ ಉಚಿತ ಕಾನೂನು ನೆರವು ಕೊಡುವ ಕಚೇರಿ. ಇನ್ನೂರು ಜನಕ್ಕೆ ಒಬ್ಬರೇ ವಕೀಲಮ್ಮ. ಅದಕ್ಕೇ ಈ ಕೃತಕ ಬುದ್ಧಿಮತ್ತೆಯ ಯಂತ್ರ ತಂದಿದ್ದರು. ಜನ ತಮ್ಮ ಭಾಷೆಯಲ್ಲೇ ಮಾತಾಡಿದರೆ ಸಾಕು, ಅದು ಕೇಳಿಸಿಕೊಂಡು ಅರ್ಜಿ ಬರೆದುಕೊಡುತ್ತಿತ್ತು. ಆ ಅರ್ಜಿಯನ್ನು ಧ್ವನಿಮುದ್ರಣದ ಜೊತೆ ತಾಳೆ ನೋಡಿ, 'ಪರಿಶೀಲಿಸಲಾಗಿದೆ' ಎಂಬ ಗುಂಡಿ ಒತ್ತುವುದು ಅವಳ ಕೆಲಸ. ಎಂಟು ವರ್ಷದ ಹಿಂದೆ ಅವಳೂ ಹೀಗೇ ಕಾಗದ ಹಿಡಿದು ಅಲೆದವಳು.

ಆಮೇಲೆ ಪ್ರತಿ ಗುರುವಾರ ಅವನು ಬಂದ. ಒಮ್ಮೆ ಫೋಟೋದ ಅಳತೆ ಸರಿಯಿಲ್ಲ. ಒಮ್ಮೆ ಸಹಿ ಗೆರೆ ದಾಟಿದೆ. ಮತ್ತೊಮ್ಮೆ ಮಾಲೀಕರ ಪತ್ರ ಹಳೆಯದಾಯಿತು. ಬಂದಾಗಲೆಲ್ಲ ಯಂತ್ರವನ್ನು ಬೈದು, ಅವಳನ್ನು ನಗಿಸಿ ಹೋಗುತ್ತಿದ್ದ.

'ಈ ಗುರುವಾರ ಯಾಕಿಷ್ಟು ನಿಧಾನವಾಗಿ ಬರುತ್ತೆ?' ಅಂತ ಅವಳಿಗೆ ಅನ್ನಿಸತೊಡಗಿದ್ದು ಯಾವಾಗಿನಿಂದಲೋ!

ಐದನೆಯ ಗುರುವಾರ ಅವನ ಅರ್ಜಿ ಪೂರ್ತಿಯಾಗಿ ಪರದೆಯ ಮೇಲೆ ಬಂತು. ಓದುತ್ತಾ ಹೋದವಳ ಕಣ್ಣು ಒಂದು ಸಾಲಿನಲ್ಲಿ ನಿಂತಿತು.

'ವಿವಾಹಿತ. ಪತ್ನಿ ಊರಿನಲ್ಲಿದ್ದಾರೆ.'

ಹೆಂಡತಿ ಇದ್ದಾಳಾ? ಹಾಗಾದ್ರೆ ಇಷ್ಟು ದಿನ ಆ ನಗು, ಆ ಮಾತು...?

ಧ್ವನಿಮುದ್ರಣ ಕೇಳಬೇಕಿತ್ತು. ಆ ದನಿಯನ್ನು ಮತ್ತೆ ಕೇಳುವ ಶಕ್ತಿ ಅವಳಿಗಿರಲಿಲ್ಲ. ಗುಂಡಿ ಒತ್ತಿಬಿಟ್ಟಳು.

"ನಿಮ್ಮ ಕೆಲಸ ಮುಗೀತು. ಇನ್ನು ಬರೋದು ಬೇಡ."

"ಮೇಡಂ... ನಾನೇನಾದ್ರೂ ತಪ್ಪು ಮಾತಾಡಿದ್ನಾ?"

"ಮುಂದಿನವರು ಬನ್ನಿ!" ಅವಳು ತಲೆ ಎತ್ತಲಿಲ್ಲ.

ಮೂರು ವಾರ ಕಳೆದ ಮೇಲೆ ಅವನು ಒಂದು ಕಾಗದ ತಂದು ಅವಳ ಮುಂದೆ ಹಾಕಿದ.

"ನಾನ್ಯಾವಾಗ ಮದುವೆಯಾದೆ ಮೇಡಂ? ನಂಗೇ ಹೇಳದೆ ಮಾಡಿಸಿಬಿಟ್ಟಿದ್ದೀರಲ್ಲ!"

ಅದು ನಗಿಸುವ ದನಿಯಾಗಿರಲಿಲ್ಲ. ಹಿಂದಿನ ಅರ್ಜಿಯಲ್ಲಿ ಅವಿವಾಹಿತ, ಇದರಲ್ಲಿ ವಿವಾಹಿತ. ಸುಳ್ಳು ಮಾಹಿತಿ ಕೊಟ್ಟಿದ್ದಾನೆಂದು ಅರ್ಜಿ ತಿರಸ್ಕರಿಸಿದ್ದರು. ಹದಿನಾಲ್ಕು ದಿನದೊಳಗೆ ದೇಶ ಬಿಡಬೇಕು!

ಅವಳು ಧ್ವನಿಮುದ್ರಣ ಹಾಕಿದಳು.

'ನಮ್ಮನೆಯವರು ಊರಲ್ಲೇ ಇದ್ದಾರೆ. ಅಮ್ಮ, ಅಣ್ಣ, ಅತ್ತಿಗೆ...'

'ಮನೆಯವರು' ಅಂದರೆ ಹೆಂಡತಿ ಅಂತ ಯಂತ್ರ ತಿಳಿದುಕೊಂಡಿತ್ತು. ನಮ್ಮವರು ಹಾಗೂ ಅನ್ನುತ್ತಾರಲ್ಲ... ಆದರೆ ಒಮ್ಮೆ ಕಿವಿಗೊಟ್ಟಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು!

ವಕೀಲಮ್ಮ ಕನ್ನಡಕ ತೆಗೆದಿಟ್ಟರು. "ಯಂತ್ರ ಎಡವುತ್ತೆ ಅಂತಾನೇ ಅಲ್ವಾ ನಿನ್ನ ಅಲ್ಲಿ ಕೂರಿಸಿರೋದು?"

"ನಾನು ಕೇಳಿಸಿಕೊಳ್ಳಲೇ ಇಲ್ಲಮ್ಮ. ತಪ್ಪು ನಂದು."

"ಮೇಲ್ಮನವಿ ಹಾಕೋಣ. ಅದರಲ್ಲಿ ಹಾಗಂತ ಬರೆದು ಸಹಿ ಹಾಕ್ತೀಯಾ? ನಿನ್ನ ಕೆಲಸಕ್ಕೇ ಕುತ್ತು ಬರಬಹುದು."

"ಪೆನ್ನು ಕೊಡಿ."

ಪರಿಶೀಲನೆಗೆ ಕಾದಿದ್ದ ಅರ್ಜಿಗಳಲ್ಲಿ ಅದೇ ಪದ ಬೇರೆ ಯಾರ ಧ್ವನಿಮುದ್ರಣದಲ್ಲಿದೆ ಎಂದು ಯಂತ್ರವನ್ನೇ ಕೇಳಿದಳು. ಒಂದೇ ನಿಮಿಷದಲ್ಲಿ ಹನ್ನೊಂದು ತೋರಿಸಿತು. ಪ್ರತಿಯೊಂದನ್ನೂ ಕೊನೆಯವರೆಗೆ ಕೇಳಿದಳು. ಮೂವರಿಗೆ ನಿಜವಾಗಿಯೂ ಹೆಂಡತಿಯರಿದ್ದರು. ಉಳಿದ ಎಂಟು ಮದುವೆ ಯಂತ್ರವೇ ಮಾಡಿಸಿದ್ದು! ಎಲ್ಲವನ್ನೂ ತಿದ್ದಿ, ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದಳು.

ಅವನ ಮೇಲ್ಮನವಿ ಮಾತ್ರ ಮುಂದೆ ಸಾಗಲಿಲ್ಲ. ವಲಸೆ ಇಲಾಖೆಯ ಕಚೇರಿಗೆ ಫೋನ್ ಮಾಡಿದರೆ ಬರೀ ಸಂಗೀತ. ಹೋದರೆ ನಾಳೆ ಬನ್ನಿ. ನಾಳೆ ಹೋದರೆ ಸಂಬಂಧಪಟ್ಟವರು ರಜೆ! ಹನ್ನೆರಡನೆಯ ದಿನ ಕೊನೆಗೂ ಆದೇಶ ರದ್ದಾಯಿತು. ಎರಡು ವರ್ಷಕ್ಕೆ ಪರವಾನಗಿ ಬಂತು.

ಅವಳನ್ನು ಮೂರು ತಿಂಗಳು ಹಳೆಯ ಕಡತ ಜೋಡಿಸುವ ಕೋಣೆಗೆ ಹಾಕಿದರು. ಅವನು ಅಲ್ಲಿಗೇ ಬಂದ.

"ವಕೀಲಮ್ಮ ಎಲ್ಲ ಹೇಳಿದ್ರು. ಒಂದು ಮಾತ್ರ ಅವರಿಗೂ ಗೊತ್ತಿಲ್ಲ. ಯಾಕೆ ಕೇಳಿಸಿಕೊಳ್ಳಲಿಲ್ಲ?"

ಕಡತದ ದಾರ ಅವಳ ಬೆರಳಲ್ಲೇ ಸಿಕ್ಕಿಕೊಂಡಿತು. "ಹೆಂಡತಿ ಇದ್ದಾಳೆ ಅಂತ ಓದಿ... ಸಿಟ್ಟು ಬಂತು. ಇಲ್ಲ... ಅಳು ಬಂತು."

"ಆ ಅಳುವಿನಿಂದ ನಾನು ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದೆ, ಗೊತ್ತಾ? ಹನ್ನೆರಡು ದಿನ ನಿದ್ದೆ ಇಲ್ಲ. ಇನ್ನೂ ಸಿಟ್ಟಿದೆ ನಂಗೆ."

"ಇರಲಿ. ಇರಬೇಕು."

"ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ?"

"ಕೇಳೋಕೆ ನಾನ್ಯಾರು?"

ಅವನು ಸ್ಟೂಲು ಎಳೆದುಕೊಂಡು ಎದುರಿಗೆ ಕೂತ. "ಗುರುವಾರ ರಜೆ ಸಿಗಲಿ ಅಂತ ಭಾನುವಾರವೆಲ್ಲ ದುಡಿದವನು ನಾನು. ಆ ಡಬ್ಬದ ಮುಖ ನೋಡೋಕೆ ಬರ್ತಿದ್ನಾ? ಈಗ ಕೇಳಿ."

ಅವಳ ಕಣ್ಣು ತುಂಬಿ ಬಂತು. "ನಾಳೆ... ನಿಮಗೆ ರಜೆ ಇದ್ಯಾ?"

"ಇಲ್ಲ," ಅಂದ. ಆಮೇಲೆ ಮೆಲ್ಲಗೆ, "ಹಾಕ್ತೀನಿ."